ಮುಚ್ಚಳಕ್ಕೆ ಅಂಟಿದ್ದ ಒಂದು ಮೂತಿಹುಳು

ರೈಲಿನಲ್ಲಿ

ನಾನು ಮೊದಲ ಸಲ ರಾಜ್ಯದ ಗಡಿ ದಾಟಿದ್ದು ನಾನೂರು ಹುಳುಗಳ ಜೊತೆ. ಎಂಬತ್ತರ ದಶಕದ ಕೊನೆಯ ಒಂದು ಜುಲೈ ಅದು. ಕೀಟಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಕೆರೆ ಕಾಲುವೆಗಳನ್ನು ಮುಚ್ಚಿಹಾಕುವ, ತಿಳಿನೇರಳೆ ಹೂವಿನ ತೇಲುವ ಕಳೆಯನ್ನು ನೀವೆಲ್ಲ ನೋಡಿರುತ್ತೀರಿ. ನಮ್ಮ ಕಡೆ ಅಂತರಗಂಗೆ ಎನ್ನುತ್ತೇವೆ. ಆ ಕಳೆಯನ್ನೇ ತಿಂದು ಬದುಕುವ ಒಂದು ಬಗೆಯ ಮೂತಿಹುಳುವನ್ನು ಹೊರದೇಶದಿಂದ ತರಿಸಿ ನಮ್ಮಲ್ಲಿ ಸಾಕುತ್ತಿದ್ದರು. ಇನ್ನೂರನ್ನು ವಿಜಯವಾಡದ ಹತ್ತಿರದ ಕಾಲುವೆಯಲ್ಲಿ, ಇನ್ನೂರನ್ನು ವಿಶಾಖಪಟ್ಟಣದ ಒಂದು ಕೆರೆಯಲ್ಲಿ ಬಿಟ್ಟು ಬರಬೇಕಿತ್ತು. ಹೋಗಬೇಕಾಗಿದ್ದವರು ನಮ್ಮ ಮೇಷ್ಟ್ರು. ಅವರಿಗೆ ಕಾಮಾಲೆಯಾಯಿತು. ಟಿಕೆಟ್ಟು ನನ್ನ ಕೈಗೆ ಬಂತು.

ಒಂದೊಂದರಲ್ಲಿ ನೂರರಂತೆ ನಾಲ್ಕು ಪ್ಲಾಸ್ಟಿಕ್ ಡಬ್ಬಿಗಳು. ಮುಚ್ಚಳಕ್ಕೆ ಸಣ್ಣ ಜಾಲರಿ, ಒಳಗೆ ಒದ್ದೆ ಹತ್ತಿ ಮತ್ತು ಕಳೆಯ ಎಲೆತುಂಡುಗಳು. ಎಲ್ಲವೂ ಒದ್ದೆ ಬಟ್ಟೆ ಹೊದಿಸಿದ ಬೆತ್ತದ ಬುಟ್ಟಿಯಲ್ಲಿ. ಸೆಕೆಗೆ ಅವು ಸತ್ತುಹೋಗುತ್ತವೆ ಎಂಬುದು ನನ್ನ ಮೊದಲ ಭಯ. ಯಾರಾದರೂ ಬುಟ್ಟಿಗೆ ಕಾಲು ತಾಗಿಸಿ ಮುಚ್ಚಳ ಬಿಚ್ಚಿಹೋಗುತ್ತದೆ ಎಂಬುದು ಎರಡನೆಯದು. ಮೂರನೆಯದೊಂದಿತ್ತು. ಅದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಬೆಳಗಾದ ಮೇಲೆ ಎದುರು ಸೀಟಿನ ಗುಂಟೂರಿನ ಹೆಂಗಸು ಬುಟ್ಟಿಯನ್ನೇ ನೋಡುತ್ತ ಕುಳಿತಿದ್ದರು. ನಾನು ಗಂಟೆಗೊಮ್ಮೆ ಬಟ್ಟೆಗೆ ನೀರು ಚಿಮುಕಿಸುವುದನ್ನು ಕಂಡು ತಡೆಯಲಾಗದೆ ಕೇಳಿದರು: "ಏಮಿಟಮ್ಮಾ ಅಂದುಲೋ? ಪೂಲಾ?" ಹೂವೇ ಎಂದು ಕೇಳಿದ್ದು ಅರ್ಥವಾಯಿತು. ಸುಳ್ಳು ಹೇಳಲು ಬರುವಷ್ಟು ತೆಲುಗು ನನಗೆ ಬರುತ್ತಿರಲಿಲ್ಲ. "ಪುರುಗುಲು," ಹುಳುಗಳು, ಎಂದೆ. ಅವರು ಕಾಲು ಮೇಲೆತ್ತಿಕೊಂಡರು. ಐದು ನಿಮಿಷದಲ್ಲಿ ಆ ಸುದ್ದಿ ಬೋಗಿಯ ಬಾಗಿಲವರೆಗೆ ಹೋಯಿತು. ಅಲ್ಲಿಂದ ವಿಜಯವಾಡದವರೆಗೆ ಮೂವರು ಕೂರುವ ಸೀಟಿನಲ್ಲಿ ನಾನು ಒಬ್ಬಳೇ ಕುಳಿತೆ. ನಮ್ಮ ಕಡೆಯವರಾಗಿದ್ದರೆ ಮುಖ ತಿರುಗಿಸಿ ಸುಮ್ಮನಿರುತ್ತಿದ್ದರು. ಇವರು ದೂರ ಕೂತೇ ನನ್ನ ಮದುವೆ, ಸಂಬಳ, ಅಪ್ಪನ ಕೆಲಸ ಎಲ್ಲವನ್ನೂ ವಿಚಾರಿಸಿದರು. ಹತ್ತಿರ ಮಾತ್ರ ಬರಲಿಲ್ಲ.

ವಿಜಯವಾಡ

ಜುಲೈಯಲ್ಲೂ ಅಲ್ಲಿ ಗಾಳಿಯೆಂಬುದು ಬಿಸಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಬಡಿಯುತ್ತದೆ. ಸೈಕಲ್ ರಿಕ್ಷಾದವನು ಬೆಂಜ್ ಸರ್ಕಲ್ಲಿನಲ್ಲಿ ಎರಡು ಲಾರಿಗಳ ನಡುವೆ ನುಗ್ಗಿದಾಗ ಬುಟ್ಟಿಯನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿದೆ. ತೆರೆದಾಗ ಅವನು ಹಿಂದಿರುಗಿ ನನ್ನನ್ನೇ ನೋಡಿ ನಗುತ್ತಿದ್ದ. ಮುಂದೆ ನೋಡಪ್ಪಾ ಎಂದು ಯಾವ ಭಾಷೆಯಲ್ಲಿ ಕೂಗಿದೆನೋ ನೆನಪಿಲ್ಲ.

ಉಳಿದುಕೊಂಡದ್ದು ಶಾಂತಕ್ಕನ ಮನೆಯಲ್ಲಿ. ನನ್ನ ಹಾಸ್ಟೆಲ್ ಗೆಳತಿಯ ಅಕ್ಕ, ಧಾರವಾಡದವರು. ಗಂಡ ಬ್ಯಾಂಕ್ ಅಧಿಕಾರಿ, ವರ್ಗವಾಗಿ ಅಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಆರು ವರ್ಷದ ಮಗಳು ಅಮ್ಮನಿಗೆ ಮಾತ್ರ ಕನ್ನಡದಲ್ಲಿ, ಉಳಿದ ಜಗತ್ತಿಗೆಲ್ಲ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು.

"ಬಾರವಾ, ದಣದಿರಬೇಕು. ಕೈಕಾಲ್ ತೊಳಕೊ. ಏನದ ಬುಟ್ಯಾಗ?"

"ಹುಳು, ಅಕ್ಕ."

"ಹುಳಾ? ಯವ್ವಾ! ನಾ ಎರಡು ವರ್ಷದಿಂದ ಅಕ್ಕಿಯೊಳಗಿನ ಹುಳಾ ಹೊರಗ ಹಾಕ್ಲಿಕ್ಕೆ ಬಡದಾಡ್ಲಿಕ್ಕತ್ತೇನಿ, ನೀ ಬೆಂಗಳೂರಿಂದ ಒಳಗ ತಂದೀ?"

"ಇವು ಅಕ್ಕಿ ಮುಟ್ಟಲ್ಲ ಅಕ್ಕ. ಅಂತರಗಂಗೆ ಒಂದೇ ತಿನ್ನೋದು."

"ಹೌದs? ನಿನಗ ಹೇಳ್ಯಾವೇನು ಅವು?"

ಬುಟ್ಟಿಯನ್ನು ಬಚ್ಚಲಮನೆಯ ತಂಪಿನಲ್ಲಿಡಲು ಒಪ್ಪಿದರು, ಅಡುಗೆಮನೆಯ ಬಾಗಿಲು ಹಾಕಿದ ಮೇಲೆ. ಆದರೆ ಕುತೂಹಲ ಅವರನ್ನು ಬಿಡಲಿಲ್ಲ. ಊಟವಾದ ಮೇಲೆ ತಾವೇ ಬಂದು ಪಕ್ಕದಲ್ಲಿ ಕೂತರು. ಒಂದು ಹುಳುವನ್ನು ಬಿಳಿ ಕಾಗದದ ಮೇಲಿಟ್ಟು ಭೂತಗನ್ನಡಿ ಕೊಟ್ಟೆ.

"ಜೀರಿಗಿ ಕಾಳು," ಎಂದರು.

"ಅಲುಗಾಡಬೇಡಿ, ಕಾಲು ಬಿಚ್ಚುತ್ತೆ."

ಮುಟ್ಟಿದರೆ ಇವು ಕಾಲುಗಳನ್ನು ಹೊಟ್ಟೆಯಡಿಗೆ ಮಡಚಿ ಸತ್ತ ಹಾಗೆ ಬಿದ್ದಿರುತ್ತವೆ. ಎರಡು ನಿಮಿಷದ ನಂತರ ಅದು ಎದ್ದಿತು. ಮುಂದಕ್ಕೆ ಚಾಚಿ ಕೆಳಗೆ ಬಾಗಿದ ಮೂತಿ. ಮೂತಿಯ ತುದಿಯ ಹತ್ತಿರದಿಂದ ಹೊರಟು ಮೊಣಕೈಯಂತೆ ಮುರಿದ ಎರಡು ಮೀಸೆ. ಇಷ್ಟು ಎಲ್ಲ ಮೂತಿಹುಳುಗಳಲ್ಲೂ ಇರುತ್ತದೆ, ಅಕ್ಕಿಯ ಹುಳುವಿನಲ್ಲೂ ಇರುತ್ತದೆ ಎಂದೆ. ಈ ಕುಲಕ್ಕೆ ನಿಯೊಕೆಟಿನಾ ಎಂದು ಹೆಸರು, ಇದನ್ನು ಗುರುತಿಸುವುದು ಬೆನ್ನಿನಿಂದ, ಎಂದೆ.

"ಕುಲಾ! ಗೋತ್ರನೂ ಹೇಳಿಬಿಡು, ಕೂಡಿದ್ರ ನಮ್ಮ ಮೈದುನಗ ನೋಡೋಣು."

ನಗು ಬಂತು. ಬೆನ್ನು ತುಂಬ ಒತ್ತಾದ ಹುರುಪೆ, ಮೇಣ ಸವರಿದ ಹಾಗೆ. ಅದರಿಂದಲೇ ನೀರು ಅಂಟುವುದಿಲ್ಲ. ನೀರಿಗೆ ಬಿದ್ದರೆ ತೇಲುತ್ತದೆ. ಬೂದುಗಂದು ಬಣ್ಣ. ರೆಕ್ಕೆಗಳ ಮೇಲಿನ ಗಟ್ಟಿ ಹೊದಿಕೆ ನಡುವೆ ಕೂಡುವ ಗೆರೆಯ ಆಚೆಗೊಂದು ಈಚೆಗೊಂದು, ಸ್ವಲ್ಪ ಉಬ್ಬಿದ, ಹೊಳೆಯುವ ಎರಡು ಕಪ್ಪು ಗೀಟು. ಆ ಜೋಡಿ ಗೀಟೇ ಮುಖ್ಯ. ಈ ಕುಲದ ಎರಡು ಪ್ರಭೇದಗಳು ನಮ್ಮ ಡಬ್ಬಿಯಲ್ಲಿದ್ದವು. ಒಂದರಲ್ಲಿ ಗೀಟು ಉದ್ದ, ಮುಂದಕ್ಕಿರುತ್ತದೆ. ಇನ್ನೊಂದರಲ್ಲಿ ಗಿಡ್ಡ, ಹಿಂದಕ್ಕೆ ಸರಿದಿರುತ್ತದೆ, ಜೊತೆಗೆ ಬೆನ್ನಿಗೆ ಅಡ್ಡಲಾಗಿ ಮಾಸಲು ಬಣ್ಣದ ಬಿದಿಗೆ ಚಂದ್ರನಂಥ ಪಟ್ಟಿ.

ಶಾಂತಕ್ಕ ಬಹಳ ಹೊತ್ತು ನೋಡಿದರು. "ಹೂಂ, ಅದ. ಎರಡು ಗೀಟು. ವಿಭೂತಿ ಉಲ್ಟಾ ಹಚ್ಚಿದಂಗ." ಆಮೇಲೆ ಕನ್ನಡಿ ಕೆಳಗಿಟ್ಟು, "ನಾನೂರಕ್ಕ ನಾನೂರೂ ಹಿಂಗs ನೋಡೀ ಏನು ನೀನು?" ಎಂದರು.

"ಹೂಂ," ಎಂದೆ.

ಕಾಲುವೆಯ ದಂಡೆ

ಆಟೋನಗರ್ ದಾಟುವಾಗ ರಸ್ತೆಯ ಎರಡೂ ಕಡೆ ಲಾರಿಗಳ ಬಿಚ್ಚಿಟ್ಟ ಎಂಜಿನ್ನುಗಳು, ಸುತ್ತಿಗೆಯ ಸದ್ದು. ಅಲ್ಲಿಂದ ಮುಂದೆ ಇದ್ದಕ್ಕಿದ್ದಂತೆ ಹಸಿರು. ಒಬ್ಬಳೇ ಹುಡುಗಿ ಹೋಗಬಾರದೆಂದು ಶಾಂತಕ್ಕ ಜೊತೆಗೆ ಬಂದಿದ್ದರು. ದುಭಾಷಿಯ ಕೆಲಸವೂ ಅವರದೇ.

ಕಾಲುವೆಯಲ್ಲಿ ನೀರು ಕಾಣಲಿಲ್ಲ. ಈ ದಂಡೆಯಿಂದ ಆ ದಂಡೆಗೆ ಕಳೆ. ಎಲೆಯ ಆಕಾರಕ್ಕೆ ಅಲ್ಲಿಯವರು ಅದನ್ನು ಗುರ್ರಪು ಡೆಕ್ಕ, ಕುದುರೆ ಗೊರಸು, ಎನ್ನುತ್ತಾರೆ. ಬಿಟ್ಟ ಹುಳುಗಳು ಗಿಡದ ಜೊತೆ ಕೊಚ್ಚಿಹೋಗದಿರಲು ಕಾಲುವೆ ಕಾಯುವ ಲಸ್ಕರ್ ನಾಲ್ಕು ಬಿದಿರು ಕಟ್ಟಿ ಒಂದು ಚೌಕ ಮಾಡಿಟ್ಟಿದ್ದ. ಚೌಕದ ಪಕ್ಕದಿಂದಲೇ ಭತ್ತದ ಗದ್ದೆಗಳು. ಸಸಿಮಡಿಯಲ್ಲಿ ಪೈರು ಗೇಣುದ್ದ ಎದ್ದಿತ್ತು.

ಆ ಗದ್ದೆಗಳ ಒಡತಿ ರತ್ತಮ್ಮ. ಐವತ್ತೈದರ ಆಸುಪಾಸು, ಗಂಡನಿಲ್ಲ, ಬೇಸಾಯವೆಲ್ಲ ಅವರದೇ. ಮೊಣಕಾಲವರೆಗೆ ಕೆಸರು, ಬಾಯಲ್ಲಿ ಹೊಗೆಯಾರಿದ ಚುಟ್ಟ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಶಾಂತಕ್ಕನನ್ನು ಕೇಳಿದರು, ಇಷ್ಟೇ ಇಷ್ಟಿರುವ ಹುಡುಗಿಯನ್ನು ಕಳಿಸಿದ್ದಾರಲ್ಲ, ದೊಡ್ಡವರು ಯಾರೂ ಇಲ್ಲವೇ ಎಂದು. ಆಮೇಲೆ ನೇರ ನನ್ನ ಕಡೆ ತಿರುಗಿದರು.

"ಮಾ ವರಿ ತಿನವು ಕದಾ?"

ನಮ್ಮ ಭತ್ತ ತಿನ್ನುವುದಿಲ್ಲ ತಾನೇ? ಇದನ್ನು ಶಾಂತಕ್ಕ ಕನ್ನಡಿಸುವ ಅಗತ್ಯವಿರಲಿಲ್ಲ.

"ತಿನವು," ತಿನ್ನುವುದಿಲ್ಲ, ಎಂದೆ.

"ಒಟ್ಟು?" ಎಂದು ಆಣೆ ಇಡುವಂತೆ ಅಂಗೈ ಚಾಚಿದರು. ನನ್ನ ಕೈಯನ್ನು ಆ ಅಂಗೈ ಮೇಲಿಟ್ಟೆ. ಅದು ಒರಟಾಗಿ, ತಣ್ಣಗೆ, ಒದ್ದೆಯಾಗಿತ್ತು.

ಮೇಲಿದ್ದವು ಮೂರು ಮತ್ತು ನಾಲ್ಕನೆಯ ಡಬ್ಬಿಗಳು. ಅವನ್ನೇ ಚೌಕದೊಳಗಿನ ಗಿಡಗಳ ಮೇಲೆ ಕೊಡವಿದೆ. ಹುಳುಗಳು ಎಲೆಯ ಸಂದುಗಳಿಗೆ ಸರಿದು ಕಾಣದಾದವು. ಇಷ್ಟೇ ಕೆಲಸ.

ಅದೇ ದಿನ ಸಂಜೆ

ಖಾಲಿಯಾದ ಎರಡು ಡಬ್ಬಿಗಳನ್ನು ತೊಳೆಯಲು ಬಚ್ಚಲಿಗೆ ತಂದೆ. ಮೂರನೆಯದರ ಮುಚ್ಚಳದ ಒಳಮಗ್ಗುಲಲ್ಲಿ, ಜಾಲರಿಯ ಅಂಚಿಗೆ, ಒಂದು ಹುಳು ಅಂಟಿಕೊಂಡಿತ್ತು. ಕಾಗದಕ್ಕೆ ಇಳಿಸಿ ಕನ್ನಡಿ ಹಿಡಿದೆ.

ಗೀಟು ಕಾಣಲಿಲ್ಲ.

ಕಿಟಕಿಯ ಹತ್ತಿರ ಒಯ್ದೆ. ಕಪ್ಪುಗಂದು ಬೆನ್ನು. ಹುರುಪೆಗಳು ಇಲ್ಲವೆನ್ನುವಷ್ಟು ಕಡಿಮೆ. ಚಂದ್ರನ ಪಟ್ಟಿ ಇಲ್ಲ. ನಡುಗೆರೆಯ ಅಕ್ಕಪಕ್ಕ ಏನೋ ಹೊಳೆಯುತ್ತಿತ್ತು, ಆದರೆ ಬೆನ್ನೆಲ್ಲ ಹೊಳೆಯುತ್ತಿದ್ದುದರಿಂದ ಯಾವುದು ಏನೆಂದು ಹೇಳುವಂತಿರಲಿಲ್ಲ. ಮುದಿ ಹುಳುಗಳ ಹುರುಪೆ ಉದುರುವುದುಂಟು. ಹಾಗಾಗಿದ್ದರೆ ಚಿಂತೆಯಿಲ್ಲ. ಹಾಗಾಗಿರದಿದ್ದರೆ?

ಈಗ ಆ ಮೂರನೆಯ ಭಯವನ್ನು ಹೇಳಬೇಕು. ಹೊರಡುವ ಮುಂಚೆ ಪ್ರತಿಯೊಂದು ಹುಳುವನ್ನೂ ಕನ್ನಡಿಯಡಿ ನೋಡಿ, ನೋಡಿದ್ದೇನೆಂದು ಸಹಿ ಹಾಕಬೇಕೆಂಬುದು ಮೇಷ್ಟ್ರ ನಿಯಮ. ಒಂದು ಮತ್ತು ಎರಡನೆಯ ಡಬ್ಬಿಗಳನ್ನು ಹಾಗೆಯೇ ನೋಡಿದೆ. ಅಷ್ಟರಲ್ಲಿ ರೈಲಿನ ಹೊತ್ತಾಯಿತು. ಮೂರು ಮತ್ತು ನಾಲ್ಕನೆಯದರಲ್ಲಿ ಮೇಲಿನ ಹತ್ತಿಪ್ಪತ್ತನ್ನು ನೋಡಿ ಸಹಿ ಹಾಕಿದೆ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಸಹೋದ್ಯೋಗಿಯೊಬ್ಬರು ಭತ್ತದ ಕುಂಡಗಳನ್ನು ಬಿಚ್ಚಿಟ್ಟುಕೊಂಡಿದ್ದರು. ಅವರು ಸಾಕುತ್ತಿದ್ದುದು ಭತ್ತದ ಬೇರು ತಿನ್ನುವ ಮೂತಿಹುಳು. ಅದೂ ಅಷ್ಟೇ ಗಾತ್ರ, ಬೂದುಗಂದು ಇಲ್ಲವೇ ಕಪ್ಪುಗಂದು, ಆದರೆ ಬೆನ್ನಿನ ಮೇಲೆ ಜೋಡಿ ಗೀಟಿಲ್ಲ. ಅದರ ಮರಿ ನಿಂತ ನೀರಿನಡಿಯ ಕೆಸರಿನಲ್ಲಿ ಬೇರು ಕತ್ತರಿಸುತ್ತದೆ. ಪೈರು ಹಳದಿಯಾಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಅಂಟಿಕೊಂಡು ಉಳಿದಿದೆ ಎಂದರೆ ಎಷ್ಟು ಹೊರಗೆ ಹೋಗಿವೆ? ಅದರಲ್ಲಿ ಮೊಟ್ಟೆಯಿಡುವ ಹೆಣ್ಣುಗಳೆಷ್ಟು? ಚೌಕದ ಬಿದಿರಿನಿಂದ ಸಸಿಮಡಿಗೆ ನಾಲ್ಕು ಮಾರು ದೂರ.

ಹುಳುವನ್ನು ಗಾಜಿನ ನಳಿಕೆಗೆ ಹಾಕಿ, ಅಂತರಗಂಗೆಯ ಒಂದು ಎಳೆ ಎಲೆತುಂಡು ಕೊಟ್ಟೆ. ಈ ಕುಲದ ಹುಳು ತಿಂದರೆ ಎಲೆಯ ಮೇಲೆ ಸಣ್ಣ ಚೌಕ ಚೌಕದ ಕಿಟಕಿಗಳು ಬೀಳುತ್ತವೆ, ಸಿಪ್ಪೆ ಕೆರೆದ ಹಾಗೆ. ಒಂದು ಕಿಟಕಿ ಕಂಡರೂ ಸಾಕಿತ್ತು. ಮರುದಿನ ಮಧ್ಯಾಹ್ನದವರೆಗೆ ಎಷ್ಟು ಸಲ ನೋಡಿದೆನೋ. ಅದು ಮೂತಿ ತಗ್ಗಿಸಿ ಎಲೆಯ ಪಕ್ಕದಲ್ಲಿ ಕೂತಿತ್ತು. ಮುಟ್ಟಲಿಲ್ಲ.

"ಯಾಕವಾ, ಉಣ್ಣಲಿಕ್ಕೆ ಒಲ್ಲೆ ಅಂತೀದಿ? ಖಾರ ಆತೇನು?" ಊಟಕ್ಕೆ ಕೂತಾಗ ಶಾಂತಕ್ಕ ಕೇಳಿದರು.

"ಸೆಕೆಗೆ ಅಕ್ಕ."

ಹೇಳಬಹುದಿತ್ತು. ಚಿಕ್ಕಂದಿನಿಂದಲೂ ನನ್ನ ತಪ್ಪುಗಳನ್ನು ನಾನೇ ಬೀಗ ಹಾಕಿ ಇಟ್ಟುಕೊಳ್ಳುವುದು ಅಭ್ಯಾಸ. ಆ ಮಧ್ಯಾಹ್ನ ನಳಿಕೆಯನ್ನು ಕೈಚೀಲಕ್ಕೆ ಹಾಕಿಕೊಂಡು ವಿಶಾಖಪಟ್ಟಣದ ರೈಲು ಹತ್ತಿದೆ.

ವಿಶಾಖಪಟ್ಟಣ

ಸಮುದ್ರವನ್ನು ನಾನು ಅದೇ ಮೊದಲು ನೋಡಿದ್ದು. ಅದರ ಬಗ್ಗೆ ಬರೆಯಲು ನನ್ನ ಬಳಿ ಏನೂ ಇಲ್ಲ. ರಾಜಪ್ಪ ಅಂಕಲ್ ಸ್ಕೂಟರಿನಲ್ಲಿ ಕೂರಿಸಿಕೊಂಡು ಬೀಚಿನ ರಸ್ತೆಯಲ್ಲಿ ಕರೆದೊಯ್ದರು. "ನೋಡವ್ವ, ನಮ್ಮ ಮಂಡ್ಯದಲ್ಲಿ ಇಲ್ದೇ ಇರೋದು ಇದೊಂದೇಯ," ಎಂದರು. ನಾನು ಹೂಂ ಎಂದೆ. ಅಲೆ ಬಂದು ಹಿಂದೆ ಹೋದಾಗ ಉಳಿಯುವ ಕಪ್ಪು ಮರಳಿನ ಕಣಗಳೆಲ್ಲ ನನಗೆ ಹುಳುಗಳ ಹಾಗೆ ಕಂಡವು.

ಅಂಕಲ್ ನಮ್ಮ ತಂದೆಯ ಸ್ನೇಹಿತರು, ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅವರ ಟೌನ್‌ಶಿಪ್ಪಿನ ಹಿಂದಿನ ಕೆರೆಗೇ ಉಳಿದ ಇನ್ನೂರು ಹೋಗಬೇಕಿತ್ತು. ಅವು ನಾನು ಒಂದೊಂದಾಗಿ ನೋಡಿದ್ದ ಡಬ್ಬಿಗಳು. ಆದರೂ ಮುಚ್ಚಳ ತೆರೆಯಲು ಕೈ ಬರಲಿಲ್ಲ. ವರಾಂಡದಲ್ಲಿ ಬಿಳಿ ತಟ್ಟೆ ಇಟ್ಟುಕೊಂಡು ಎಲ್ಲವನ್ನೂ ಮತ್ತೆ ನೋಡತೊಡಗಿದೆ. ಬೆಳಿಗ್ಗೆಯಿಂದ ಮಧ್ಯಾಹ್ನವಾಯಿತು.

"ಏನವ್ವ, ಹುಳಕ್ಕೆ ಹೆಣ್ ನೋಡೋ ಶಾಸ್ತ್ರ ಮಾಡ್ತಿದೀಯಾ? ಎರಡು ನಿಮಿಷದ್ ಕೆಲಸ ಅಂದಿದ್ದೆ."

"ಸರಿಯಾಗಿ ನೋಡ್ಬೇಕು ಅಂಕಲ್."

"ಬೆಂಗಳೂರಲ್ಲಿ ನೋಡಿರ್ಲಿಲ್ವಾ?"

ಮುಂದಿನ ಹುಳುವನ್ನು ಕನ್ನಡಿಯಡಿಗೆ ಸರಿಸಿದೆ. ಇನ್ನೂರಕ್ಕೂ ಜೋಡಿ ಗೀಟಿತ್ತು. ಸಂಜೆಯ ಮುಂಚೆ ಕೆರೆಗೆ ಹೋಗಿ ಬಿಟ್ಟು ಬಂದೆವು. ಆಮೇಲೆ ನಡುಮನೆಯ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ನಳಿಕೆಯ ಹುಳುವನ್ನು ಇಳಿಸಿದೆ. ಎಲೆತುಂಡು ಹಾಗೇ ಇತ್ತು, ಒಂದು ಕಿಟಕಿಯೂ ಇಲ್ಲ. ಕರೆಂಟು ಹೋಗಿತ್ತು, ಆದರೆ ಪಡುವಣ ಬಿಸಿಲು ಓರೆಯಾಗಿ ಮೇಜಿನ ಮೇಲೆ ಬೀಳುತ್ತಿತ್ತು. ಉಬ್ಬಿದ ಗೀಟಿದ್ದರೆ ಆ ಓರೆ ಬೆಳಕಿನಲ್ಲಿ ಅದರ ನೆರಳು ಬೀಳಬೇಕು. ಅದು ಕಾಲು ಮಡಚಿ ಬಿದ್ದುಕೊಂಡಿತು. ಸೂಜಿಯಿಂದ ಮೆಲ್ಲಗೆ ಕವುಚಿ ಹಾಕಿ, ಉಸಿರು ಬಿಗಿಹಿಡಿದು ಕನ್ನಡಿ ತಂದೆ. ಬಲಗಡೆ ಒಂದು ಗೆರೆ ಇದೆಯೇನೋ ಎನಿಸಿತು.

ಆಗ ಕರೆಂಟು ಬಂತು. ತಲೆಯ ಮೇಲಿನ ಫ್ಯಾನು ತಿರುಗಿತು. ಕಾಗದ ಎದ್ದು ಗೋಡೆಗೆ ಹೋಗಿ ಬಡಿಯಿತು.

ನೆಲ ಮೊಸಾಯಿಕ್. ಬೂದು ಬಣ್ಣದಲ್ಲಿ ಸಾವಿರಾರು ಕಪ್ಪು ಕಂದು ಚುಕ್ಕೆಗಳು, ಪ್ರತಿಯೊಂದೂ ಜೀರಿಗೆ ಕಾಳಿನಷ್ಟು. ಮಂಡಿಯೂರಿ ಹುಡುಕಿದೆ. ಕಾಲು ಮಡಚಿ ಸತ್ತಂತೆ ಬಿದ್ದಿರುವ ಹುಳುವಿಗೆ ಅದಕ್ಕಿಂತ ಒಳ್ಳೆಯ ನೆಲ ಇಲ್ಲ.

"ಏನವ್ವ ಕಳ್ಕೊಂಡೆ? ವಾಲೆ ತಿರುಪಾ?" ಎಂದು ಅಂಕಲ್ ಕೇಳಿದರು.

"ಹೂಂ," ಎಂದೆ.

ಅವರೂ ಮಂಡಿಯೂರಿದರು. ಆಂಟಿ ಪೊರಕೆ ತಂದರು. ಬೇಡ, ಗುಡಿಸಬೇಡಿ ಎಂದು ಕೂಗಿಬಿಟ್ಟೆ. ಆಂಟಿ ನನ್ನ ಎರಡೂ ಕಿವಿಗಳನ್ನು ನೋಡಿದರು. ಎರಡರಲ್ಲೂ ವಾಲೆ ಭದ್ರವಾಗಿತ್ತು. ಅವರು ಪೊರಕೆಯನ್ನು ಮೂಲೆಯಲ್ಲಿಟ್ಟು, ಗಂಡನ ಪಕ್ಕದಲ್ಲಿ ತಾವೂ ಹುಡುಕಲು ಕೂತರು.

ಸಿಗಲಿಲ್ಲ.

ವಾಪಸು ರೈಲು

ಹಗಲಿನ ರೈಲು. ಟಿಕೆಟ್ಟು ಬೆಂಗಳೂರಿನವರೆಗೆ ಇತ್ತು. ವಿಜಯವಾಡದಲ್ಲಿ ಇಳಿಯಬೇಕಾದ ಕೆಲಸ ಕಾಗದದ ಮೇಲೆ ಏನೂ ಇರಲಿಲ್ಲ.

ಕಿಟಕಿಯಲ್ಲಿ ಗಂಟೆಗಟ್ಟಲೆ ಭತ್ತ. ಗೋದಾವರಿಯಿಂದ ಈಚೆಗೆ ಬೇರೇನೂ ಇಲ್ಲ. ಮಡಿ, ನೀರು, ಬಾಗಿ ನಾಟಿ ಹಾಕುವ ಹೆಂಗಸರ ಸಾಲು, ಮತ್ತೆ ಮಡಿ. ನಮ್ಮ ಕಡೆ ಗದ್ದೆಗೆ ಒಂದು ಕೊನೆಯಿರುತ್ತದೆ, ಒಂದು ಗುಡ್ಡವೋ ತೋಪೋ ಅಡ್ಡ ಬರುತ್ತದೆ. ಇಲ್ಲಿ ಒಂದು ಗದ್ದೆಯ ನೀರು ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ. ಯಾವುದಾದರೂ ಹುಳು ಒಂದು ಕಡೆ ಇಳಿದರೆ ಅದನ್ನು ನಿಲ್ಲಿಸುವಂಥದು ಏನೂ ಕಾಣಲಿಲ್ಲ.

ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ನಾನು ಅನುಮಾನ ಪಟ್ಟ ಹುಳುವೇ ಈಗ ಇಲ್ಲ. ಅದು ಮುದಿ ಹುಳುವೇ ಇರಬಹುದು. ಪೈರು ಹಳದಿಯಾದರೂ ಕಾರಣ ಇದೇ ಎಂದು ಯಾರು ಹೇಳಬಲ್ಲರು? ನನ್ನ ಸಹಿ ಇರುವ ಕಾಗದ ಸರಿಯಾಗಿಯೇ ಇದೆ. ಹೀಗೆ ಒಂದೊಂದೇ ಸಮಾಧಾನ ಜೋಡಿಸಿಕೊಂಡು ಬಂದೆ. ಪ್ರತಿಯೊಂದೂ ಸರಿಯಾಗಿಯೇ ಇತ್ತು, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ವಿಜಯವಾಡದಲ್ಲಿ ರೈಲು ಬಹಳ ಹೊತ್ತು ನಿಲ್ಲುತ್ತದೆ. ಇಡ್ಲಿಯವರು, ನೀರಿನವರು, ಹತ್ತುವವರ ನೂಕುನುಗ್ಗಲು. ನನ್ನ ಸೀಟಿನ ಅಂಚಿಗೆ ಆಗಲೇ ಒಬ್ಬರು ಕರವಸ್ತ್ರ ಹಾಸಿ, "ದಿಗುತಾರಾ?" ಎಂದರು. ಇಳಿಯುತ್ತೀರಾ ಎಂದು. ನಾನು ಎದ್ದು ಖಾಲಿ ಬುಟ್ಟಿ ತೆಗೆದುಕೊಂಡೆ.

ರತ್ತಮ್ಮನ ಜಗಲಿ

ಮೊದಲು ಶಾಂತಕ್ಕನಿಗೆ ಹೇಳಬೇಕಾಯಿತು. ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳಿದೆ, ಡಬ್ಬಿ, ಸಹಿ, ಭತ್ತದ ಕುಂಡ, ಫ್ಯಾನು, ಎಲ್ಲ. ಅವರು ಒಲೆ ಆರಿಸಿದರು.

"ನಾನೂರೂ ನೋಡೀನಿ ಅಂದಿದ್ದಿ ನನಗ."

"ಹೂಂ."

"ಹೇಳ್ಳಿಕ್ಕೇ ಬೇಕೇನು ಆ ಮುದುಕಿಗೆ? ಅಕೀ ಬಾಯಿ ನೋಡೀಯಿಲ್ಲ?"

"ಅವರ ಕೈ ಮುಟ್ಟಿ ಹೇಳಿದ್ದೆ, ಅಕ್ಕ."

ಅವರು ಸೆರಗು ಸರಿಪಡಿಸಿಕೊಂಡು ಚಪ್ಪಲಿ ಮೆಟ್ಟಿದರು.

ಬಿಟ್ಟು ಬಂದು ಆರನೆಯ ದಿನ ಅದು. ರತ್ತಮ್ಮ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ನಾನು ಕನ್ನಡದಲ್ಲಿ ಹೇಳಿದೆ. ಶಾಂತಕ್ಕ ತೆಲುಗಿಗೆ ತಿರುಗಿಸಿದರು. ನನಗೆ ಅರ್ಥವಾದಷ್ಟರಲ್ಲಿ ಅವರು ಹೇಳಿದ್ದು ಇಷ್ಟು: ಹುಡುಗಿ ಊರಿಗೆ ಹೋಗುವ ಮುಂಚೆ ಹುಳುಗಳು ಹೇಗಿವೆ ನೋಡಿಹೋಗೋಣವೆಂದು ಬಂದಿದ್ದಾಳೆ. ಪಾಪ, ನನ್ನನ್ನು ಉಳಿಸಲು.

ನಾನೇ ಹೇಳಬೇಕಾಯಿತು. "ರತ್ತಮ್ಮಗಾರೂ, ಒಕ ಪುರುಗು... ನಾಕು ತೆಲಿಯದು. ಅನ್ನೀ ಚೂಡಲೇದು. ಚೂಡಕುಂಡಾ ಚೆಪ್ಪಾನು." ಒಂದು ಹುಳು ನನಗೆ ಗೊತ್ತಿಲ್ಲದ್ದು. ಎಲ್ಲ ನೋಡಲಿಲ್ಲ. ನೋಡದೆ ಹೇಳಿಬಿಟ್ಟೆ.

ಅವರ ಕೈಯಲ್ಲಿ ಹಗ್ಗ ನಿಂತಿತು. ಎದ್ದು ಒಳಗೆ ಹೋದರು. ದೊಣ್ಣೆ ತರಲು ಹೋಗಿದ್ದಾರೆ ಎಂದು ನಿಜವಾಗಿ ಅಂದುಕೊಂಡೆ. ಶಾಂತಕ್ಕನೂ ಹಾಗೇ ಅಂದುಕೊಂಡರೆಂದು ಆಮೇಲೆ ಹೇಳಿದರು.

ತಂದದ್ದು ಎರಡು ಉಪ್ಪಿನಕಾಯಿ ಸೀಸೆ. ಬಾಯಿಗೆ ಹಳೆಯ ಪಂಚೆಯ ತುಂಡು ಬಿಗಿದು ಕಟ್ಟಿತ್ತು. ಒಂದರೊಳಗೆ ಕೆಸರಿನ ಮುದ್ದೆಯಲ್ಲಿ ನಿಂತ ಭತ್ತದ ಸಸಿಗಳು. ಇನ್ನೊಂದರಲ್ಲಿ ಗುರ್ರಪು ಡೆಕ್ಕದ ಒಂದು ಮರಿಗಿಡ.

"ಮಾಟ ನಮ್ಮಿ ವಿತ್ತನಾಲೇ ಚಲ್ಲಂ, ಪುರುಗುಲು ವದುಲುತಾಮಾ?"

ಶಾಂತಕ್ಕ ಈ ಸಲ ಏನನ್ನೂ ಮೆತ್ತಗೆ ಮಾಡದೆ ಹೇಳಿದರು. ಮಾತು ನಂಬಿ ಬೀಜವನ್ನೇ ಚೆಲ್ಲುವವರಲ್ಲ ನಾವು, ಹುಳು ಬಿಟ್ಟುಕೊಳ್ಳುತ್ತೇವೆಯೇ? ಆ ಸೀಮೆಯಲ್ಲಿ ಕೊಂಡುತಂದ ಬೀಜವನ್ನು ಹಾಗೇ ಬಿತ್ತುವುದಿಲ್ಲವಂತೆ. ನೂರು ಕಾಳು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಪಕ್ಕದಲ್ಲಿ ಮನೆಯ ಬೀಜ ನೂರು ಸುತ್ತಿಟ್ಟು, ಎರಡೂ ಎಷ್ಟೆಷ್ಟು ಮೊಳೆತವೆಂದು ನೋಡಿದ ಮೇಲೆಯೇ ಮಡಿಗೆ. ನಾನು ಕಣ್ಮರೆಯಾದ ಕೂಡಲೇ ರತ್ತಮ್ಮ ಕಾಲುವೆಗಿಳಿದು ಇಪ್ಪತ್ತು ಹುಳು ಹಿಡಿದು, ಹತ್ತನ್ನು ಒಂದಕ್ಕೆ, ಹತ್ತನ್ನು ಇನ್ನೊಂದಕ್ಕೆ ಹಾಕಿದ್ದರು. ನಮ್ಮ ಪ್ರಯೋಗಾಲಯದಲ್ಲಿ ಇದನ್ನೇ ಮಾಡಲು ಮೂರು ಪುಟದ ಅರ್ಜಿ ಬರೆಯುತ್ತೇವೆ.

ಕಳೆಯ ಸೀಸೆಯಲ್ಲಿ ಎಲೆಗಳ ತುಂಬ ಚೌಕ ಕಿಟಕಿಗಳು. ಭತ್ತದ ಸೀಸೆಯಲ್ಲಿ ಸಸಿಗಳು ನೆಟ್ಟಗೆ, ಅಂಚೂ ಹರಿಯದೆ ನಿಂತಿದ್ದವು. ಅದರ ಬುಡದಲ್ಲಿ ಏಳು ಹುಳು ಸತ್ತುಬಿದ್ದಿದ್ದವು, ಮೂರು ನಿಧಾನವಾಗಿ ಗಾಜು ಹತ್ತುತ್ತಿದ್ದವು.

ಕನ್ನಡಿ ತೆಗೆದೆ. ಮೊಣಕೈಯನ್ನು ಜಗಲಿಗೆ ಊರಿಕೊಂಡು ಇಪ್ಪತ್ತನ್ನೂ ನೋಡಿದೆ. ಇಪ್ಪತ್ತಕ್ಕೂ ಜೋಡಿ ಗೀಟು.

"ಇವು ಸರಿ," ಎಂದೆ.

"ತಕ್ಕಿನವಿ?" ಉಳಿದವು?

ಇಪ್ಪತ್ತು ಸರಿಯಿದ್ದರೆ ಉಳಿದವೂ ಸರಿಯೆಂದು ಹೇಳಬಹುದಿತ್ತು. ಆಗಷ್ಟೇ ಹಗುರವಾಗಿದ್ದ ಬಾಯಿಗೆ ಆ ಮಾತು ಬಂದೂ ಬಿಟ್ಟಿತ್ತು. "ತೆಲಿಯದು," ಗೊತ್ತಿಲ್ಲ, ಎಂದೆ.

ರತ್ತಮ್ಮ ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ಇನ್ನೊಬ್ಬರ ಊರಿನ ನೀರಿಗೆ ಏನನ್ನಾದರೂ ಹಾಕುವಾಗ ನೋಡಿ ಹಾಕಬೇಕು ಎಂದಷ್ಟೇ ಹೇಳಿದರು. ಕಾಲುವೆಯ ಚೌಕದ ಪಕ್ಕದ ಸಸಿಮಡಿಯಲ್ಲಿ ಒಂದು ಪಟ್ಟಿಯನ್ನು ಕೀಳದೆ ಹಾಗೇ ಬಿಡುತ್ತೇನೆ, ವಾರಕ್ಕೊಮ್ಮೆ ಬೇರು ಎತ್ತಿ ನೋಡುತ್ತೇನೆ, ಬೇರು ಹರಿದಿದ್ದರೆ ಕಾರ್ಡು ಹಾಕುತ್ತೇನೆ, ಆಗ ಬಂದು ಕೆಸರಿಗಿಳಿದು ಆ ಹುಳುಗಳನ್ನು ನೀನೇ ಆರಿಸಬೇಕು ಎಂದರು. ಶಾಂತಕ್ಕನ ಚೀಲದಲ್ಲಿದ್ದ ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ನನ್ನ ವಿಳಾಸ ಬರೆಸಿಕೊಂಡು ರವಿಕೆಯೊಳಗೆ ಸಿಕ್ಕಿಸಿಕೊಂಡರು.

ಬೆಂಗಳೂರು

ಮೇಷ್ಟ್ರಿಗೂ ಹೇಳಿದೆ. ಅವರು ಹಳದಿ ಕಣ್ಣುಗಳಿಂದ ನನ್ನನ್ನು ನೋಡಿ, ಸಹಿಯಿದ್ದ ಕಾಗದ ತರಿಸಿ, ಅದರ ಮೇಲೆ ಒಂದು ಗೀರು ಎಳೆದು ಹಿಂದಕ್ಕೆ ಕೊಟ್ಟರು. ಬೇರೇನೂ ಮಾಡಲಿಲ್ಲ.

ಆಗಸ್ಟಿನಿಂದ ಅಂಚೆಯವನ ಹೊತ್ತಿಗೆ ನಾನು ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದೆ. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು. ಕಾರ್ಡು ಬರದಿದ್ದರೆ ಎಲ್ಲ ಸರಿಯಿದೆ ಎಂದರ್ಥ, ಅಥವಾ ವಿಳಾಸ ಕಳೆದಿದೆ ಎಂದರ್ಥ. ಡಿಸೆಂಬರಿನ ಒಂದು ಬೆಳಿಗ್ಗೆ ಅದು ನನ್ನ ಮೇಜಿನ ಮೇಲಿತ್ತು. ತೆಲುಗಿನಲ್ಲಿ, ಯಾರೋ ಶಾಲೆಯ ಮಗುವಿನ ಗುಂಡು ಅಕ್ಷರ.

ತೆಲುಗು ಬರದಿದ್ದರೂ ಅದರ ಲಿಪಿ ನಮ್ಮಂಥವರಿಗೆ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ನಮ್ಮ ಅಕ್ಷರಗಳೇ, ತಲೆಕಟ್ಟು ಬೇರೆ. ಬೇಡವೆಂದರೂ ಕಣ್ಣು ಕೂಡಿಸಿ ಓದುತ್ತದೆ. ಮೊದಲ ಪದ ಕೂಡಿತು: ವರಿ. ಭತ್ತ. ಕಾರ್ಡನ್ನು ಮಗುಚಿಟ್ಟೆ. ಎದ್ದು ಕೈ ತೊಳೆದುಕೊಂಡು ಬಂದೆ. ಮತ್ತೆ ತಿರುಗಿಸಿ, ಕಡ್ಡಿಯೊಂದನ್ನು ಸಾಲಿನಡಿ ಹಿಡಿದು, ಒಂದೊಂದೇ ಅಕ್ಷರವಾಗಿ ಮುಂದೆ ಹೋದೆ. ಅರ್ಧ ಗಂಟೆ ಹಿಡಿಯಿತು.

ಭತ್ತದ ಕುಯ್ಲು ಆಯಿತು, ಬೇರು ಚೆನ್ನಾಗಿತ್ತು, ಆದರೆ ಗುರ್ರಪು ಡೆಕ್ಕ ಹೋದ ವರ್ಷ ಎಷ್ಟಿತ್ತೋ ಈ ವರ್ಷವೂ ಅಷ್ಟೇ ಇದೆ, ನಿನ್ನ ಹುಳುಗಳಿಗೆ ಹಸಿವಾಗುವುದು ಯಾವಾಗ?

ಎರಡು ಮೂರು ವರ್ಷ ಹಿಡಿಯುತ್ತದೆ ಎಂದು ನಮ್ಮ ಪುಸ್ತಕಗಳಲ್ಲಿತ್ತು. ಮೇಷ್ಟ್ರು ಹಾಗೆಂದೇ ಬರಿ ಎಂದರು. ಒಂದು ಕಾರ್ಡು ತೆಗೆದುಕೊಂಡು, ಅದೇ ಗುಂಡು ಅಕ್ಷರಗಳನ್ನು ನೋಡಿ ನೋಡಿ ತೆಲುಗಿನಲ್ಲಿ ಬರೆದೆ: ನೋಡದೆ ಹೇಳಲಾರೆ. ಸಂಕ್ರಾಂತಿಗೆ ಬರುತ್ತೇನೆ.